ಗುರಿ ಕೇಳಿ ಕಲಿಕಾ ಯೋಜನೆ ಬರೆಯುವುದನ್ನು ಟ್ಯೂಟರ್‌ಗಳಿಗೆ ಕಲಿಸುವುದು ಹೇಗೆ?

ಸಂಯೋಜಕಿ

ಎಲ್ಲರಿಗೂ ನಮಸ್ಕಾರ. ಒಬ್ಬರಿಗೊಬ್ಬರು ಕೂತು ಕಲಿಸುವ ಟ್ಯೂಟರ್‌ಗಳ ಒಂದು ತಂಡವನ್ನು ನೋಡಿಕೊಳ್ಳುತ್ತಿದ್ದೇನೆ. ಕಲಿಯುವವರಲ್ಲಿ ಶಾಲೆ ಮಕ್ಕಳೂ ಇದ್ದಾರೆ, ಕೆಲಸಕ್ಕೆ ಹೋಗುವ ದೊಡ್ಡವರೂ ಇದ್ದಾರೆ. ಮೊದಲ ಭೇಟಿಯಲ್ಲಿ ಅವರ ಗುರಿ ಕೇಳಬೇಕು, ಅದನ್ನು ಇಟ್ಟುಕೊಂಡು ಅವರಿಗೇ ಅಂತ ಒಂದು ಕಲಿಕಾ ಯೋಜನೆ ಬರೆಯಬೇಕು. ಇದು ನಮ್ಮಲ್ಲಿರುವ ಕ್ರಮ. ಇದಕ್ಕೆ ಅರ್ಧ ದಿನದ ತರಬೇತಿಯೂ ಇದೆ. ಸ್ಲೈಡ್ ತೋರಿಸುತ್ತೇವೆ, ಫಾರಂ ಹಂಚುತ್ತೇವೆ, ತುಂಬಿದ ಒಂದು ಮಾದರಿ ಕೊಡುತ್ತೇವೆ.

ಆಮೇಲೆ ಬರುವ ಪ್ಲಾನ್‌ಗಳನ್ನು ಓದಿದರೆ ತಲೆ ಕೆಡುತ್ತದೆ. ಮೇಲಿನ ಹೆಸರನ್ನು ಮುಚ್ಚಿಟ್ಟರೆ ಯಾರದು ಯಾವುದು ಅಂತ ಹೇಳಲು ಆಗುವುದಿಲ್ಲ. "ಗುರಿ: ಇಂಗ್ಲಿಷ್ ಸುಧಾರಣೆ. ವಾರ 1: ವ್ಯಾಕರಣ. ವಾರ 2: ಪದಗಳು. ವಾರ 3: ಸಂಭಾಷಣೆ." ಎಲ್ಲರದ್ದೂ ಇದೇ. ಟ್ಯೂಟರ್‌ಗಳು ಸೋಮಾರಿಗಳಲ್ಲ, ಪಾಠ ಚೆನ್ನಾಗಿಯೇ ಮಾಡುತ್ತಾರೆ. ಪ್ಲಾನ್ ಅಂದ ತಕ್ಷಣ ಯಾಕೆ ಹೀಗಾಗುತ್ತದೆ? ತರಬೇತಿಯಲ್ಲಿ ಏನನ್ನು ಬದಲಾಯಿಸಲಿ?

ಲೆಕ್ಕದಮೇಷ್ಟ್ರು

ಫಾರಂ ಮೊದಲು ಕೊಟ್ಟರೆ ಹೀಗೇ ಮೇಡಂ. ಖಾಲಿ ಚೌಕ ಕಂಡರೆ ಕೈ ತುಂಬಲು ಹೋಗುತ್ತದೆ, ಬಾಯಿ ಕೇಳಲು ಹೋಗುವುದಿಲ್ಲ. ವಾರ 1ರಿಂದ ವಾರ 10ರವರೆಗೆ ಹತ್ತು ಸಾಲು ಇದ್ದರೆ ಟ್ಯೂಟರ್ ಕಣ್ಣು ನೇರವಾಗಿ ಪಠ್ಯಪುಸ್ತಕದ ಪರಿವಿಡಿಗೆ ಹೋಗುತ್ತದೆ. ಅಲ್ಲಿ ಹತ್ತು ಪಾಠ ಸಿಗುತ್ತವೆ. ಪ್ಲಾನ್ ರೆಡಿ.

ಗುರಿ ಕೇಳಿದ ಮಾತ್ರಕ್ಕೆ ಪ್ಲಾನ್ ಬರುವುದಿಲ್ಲ. ಗುರಿಗೂ ಇವತ್ತು ಆ ವ್ಯಕ್ತಿಯ ಕೈಲಾಗುವುದಕ್ಕೂ ನಡುವೆ ಎಷ್ಟು ಅಂತರ ಇದೆ, ಎಲ್ಲಿ ಇದೆ ಅಂತ ನೋಡಬೇಕು. ಆ ಅಂತರ ಒಬ್ಬೊಬ್ಬರದು ಒಂದೊಂದು ಥರ. ಅದನ್ನು ನೋಡುವ ಕಣ್ಣು ಬಂದರೆ ಪ್ಲಾನ್ ತಾನಾಗಿಯೇ ಬೇರೆ ಬೇರೆ ಆಗುತ್ತದೆ.

ನಾನು ತರಬೇತಿ ಶುರು ಮಾಡುವುದೇ ನೋಟ್‌ಬುಕ್‌ನಿಂದ. ಮೂವರ ಹಾಳೆ ಕೊಡುತ್ತೇನೆ. ಮೂವರ ಗುರಿಯೂ "ಗಣಿತದಲ್ಲಿ ಪಾಸಾಗಬೇಕು." ಮೂವರ ಅಂಕವೂ ಒಂದೇ.

ಮೊದಲನೆಯವರು ಬರೆದಿದ್ದಾರೆ: 1/2 + 1/3 = 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆ ಬಂದಿದೆ, ಅದು ಅವರಿಗೆ ವಿಚಿತ್ರ ಅಂತ ಅನಿಸಿಲ್ಲ.

ಎರಡನೆಯವರು: 7/8 + 5/6 = 21/24 + 20/24 = 42/24. ದಾರಿ ಪೂರ್ತಿ ಸರಿ. 21ಕ್ಕೆ 20 ಕೂಡಿಸುವಾಗ ಎಡವಿದ್ದಾರೆ. ಹಾಳೆ ತುಂಬಾ ಇಂಥದ್ದೇ ಸಣ್ಣ ತಪ್ಪು.

ಮೂರನೆಯವರದ್ದು ಬರೀ ಲೆಕ್ಕ ಎಲ್ಲ ಸರಿ. ವಾಕ್ಯದಲ್ಲಿ ಕೊಟ್ಟ ಲೆಕ್ಕಗಳ ಜಾಗ ಮಾತ್ರ ಖಾಲಿ. ಮುಟ್ಟಿಯೇ ಇಲ್ಲ.

ಈಗ ಹೇಳಿ, ಮೂವರಿಗೂ "ವಾರ 1: ಭಿನ್ನರಾಶಿ" ಅಂತ ಬರೆಯಲು ಆಗುತ್ತದೆಯೇ? ಮೊದಲನೆಯವರಿಗೆ ಭಿನ್ನರಾಶಿ ಅಂದರೆ ಎಷ್ಟು ಅನ್ನುವುದೇ ಕಣ್ಣಿಗೆ ಕಟ್ಟಬೇಕು, ಚಿತ್ರ ಬಿಡಿಸಿ, ಸಂಖ್ಯಾರೇಖೆ ಮೇಲೆ ಇಟ್ಟು. ಎರಡನೆಯವರಿಗೆ ಭಿನ್ನರಾಶಿ ಪಾಠವೇ ಬೇಡ, ಬರೆದದ್ದನ್ನು ಒಮ್ಮೆ ತಿರುಗಿ ನೋಡುವ ಅಭ್ಯಾಸ ಬೇಕು. ಮೂರನೆಯವರಿಗೆ ಬೇಕಿರುವುದು ಓದಿದ್ದನ್ನು ಲೆಕ್ಕವಾಗಿ ಮಾಡಿಕೊಳ್ಳುವುದು. ಟ್ಯೂಟರ್‌ಗಳು ಇದನ್ನು ತಾವೇ ಬಾಯಿಬಿಟ್ಟು ಹೇಳುವವರೆಗೆ ನಾನು ಫಾರಂ ಹೊರಗೆ ತೆಗೆಯುವುದಿಲ್ಲ.

ಸಂಜೆಕ್ಲಾಸ್

ಸರ್ ಹೇಳಿದ್ದು ಸರಿ. ಆದರೆ ನೋಟ್‌ಬುಕ್ ಇರುವ ವಿಷಯಕ್ಕೆ ಅದು ಸಲೀಸು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಮಾತಾಡಲು ಕಲಿಯಬೇಕು ಅನ್ನುವ ದೊಡ್ಡವರು. ಅಲ್ಲಿ ಮೊದಲ ಗಂಟೆಯ ಮಾತುಕತೆಯೇ ನೋಟ್‌ಬುಕ್.

ಟ್ಯೂಟರ್‌ಗಳು ಸಾಮಾನ್ಯವಾಗಿ "ನಿಮ್ಮ ಗುರಿ ಏನು?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಎಲ್ಲರೂ ಕೊಡುವುದು ಒಂದೇ ಉತ್ತರ: "ಇಂಗ್ಲಿಷ್ ಚೆನ್ನಾಗಿ ಬರಬೇಕು." ಗುರಿ ಅಂತ ಕೇಳಿದರೆ ಜನ ದೊಡ್ಡದಾಗಿ ಏನೋ ಹೇಳಬೇಕು ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ಆ ಶಬ್ದವನ್ನೇ ಎತ್ತಬೇಡಿ ಅನ್ನುತ್ತೇನೆ. ನಡೆದದ್ದನ್ನು ಕೇಳಿ. ತರಬೇತಿಯಲ್ಲಿ ನಾವು ಅಭ್ಯಾಸ ಮಾಡುವ ಮಾತುಕತೆ ಹೀಗಿರುತ್ತದೆ:

— ಇಂಗ್ಲಿಷ್ ಬಂದಿದ್ದರೆ ಕಳೆದ ವಾರ ಯಾವ ಕೆಲಸ ಸುಲಭ ಆಗುತ್ತಿತ್ತು?
— ಮೀಟಿಂಗು.
— ಮೀಟಿಂಗ್‌ನಲ್ಲಿ ಏನಾಯಿತು ಹೇಳಿ.
— ಬೇರೆಯವರು ಹೇಳಿದ್ದೆಲ್ಲ ಅರ್ಥ ಆಗುತ್ತದೆ. ನನ್ನ ಸರದಿ ಬಂದಾಗ ಮಾತ್ರ ಬಾಯಿ ಕಟ್ಟುತ್ತದೆ. ಪಕ್ಕದವರೇ ನನ್ನ ಪರವಾಗಿ ಹೇಳಿಬಿಡುತ್ತಾರೆ.
— ನೀವೇ ಹೇಳಿದ್ದರೆ ಏನು ಹೇಳುತ್ತಿದ್ದಿರಿ?
— ಏನು ಮುಗಿಯಿತು, ಈಗ ಏನು ಮಾಡುತ್ತಿದ್ದೇನೆ, ಎಲ್ಲಿ ನಿಂತಿದೆ. ಅಷ್ಟೇ.
— ಆಮೇಲೆ ಯಾರಾದರೂ ಏನಾದರೂ ಕೇಳುತ್ತಾರಾ?
— ಯಾಕೆ ತಡ ಆಯಿತು ಅಂತ ಕೇಳೇ ಕೇಳುತ್ತಾರೆ.

ನೋಡಿ, ಐದು ನಿಮಿಷದಲ್ಲಿ ಗುರಿ ಸಿಕ್ಕಿತು. "ವಾರದ ಮೀಟಿಂಗ್‌ನಲ್ಲಿ ಚೀಟಿ ನೋಡದೆ ಎರಡು ನಿಮಿಷ ತನ್ನ ಕೆಲಸದ ಬಗ್ಗೆ ಹೇಳುವುದು, ಆಮೇಲೆ 'ಯಾಕೆ ತಡ' ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು." ಇದಕ್ಕೆ ವ್ಯಾಕರಣ ಪುಸ್ತಕ ಪೂರ್ತಿ ಬೇಡ. ಅವರ ಕೆಲಸದಲ್ಲಿ ದಿನಾ ಬರುವ ಕ್ರಿಯಾಪದಗಳು, ಅವುಗಳ ಭೂತಕಾಲ, ಕಾರಣ ಹೇಳುವ ನಾಲ್ಕೈದು ವಾಕ್ಯ, ಯೋಚಿಸಲು ಒಂದು ಕ್ಷಣ ಕೇಳಿಕೊಳ್ಳುವ ಎರಡು ವಾಕ್ಯ. ಪ್ರತಿ ಕ್ಲಾಸಿನ ಕೊನೆಗೆ ಟ್ಯೂಟರ್ ಮ್ಯಾನೇಜರ್ ಆಗಿ ಕೂತು ಅದೇ ಮೀಟಿಂಗ್ ನಡೆಸುವುದು.

ಮೂವರ ಗುಂಪು ಮಾಡಿ ಇದನ್ನು ಮಾಡಿಸಿ. ಒಬ್ಬರು ಟ್ಯೂಟರ್, ಒಬ್ಬರು ಕಲಿಯುವವರು, ಒಬ್ಬರು ಸುಮ್ನೆ ನೋಡುವವರು. ಕಲಿಯುವವರ ಪಾತ್ರ ಮಾಡುವವರಿಗೆ ಒಂದು ಚೀಟಿ ಕೊಡಿ. ನಿಜವಾದ ಕಾರಣ ಅದರಲ್ಲಿರಲಿ, ಕೇಳಿದರೆ ಮಾತ್ರ ಹೇಳಬೇಕು. ನೋಡುವವರ ಕೆಲಸ ಒಂದೇ: ಟ್ಯೂಟರ್ ಎಷ್ಟು ಹೊತ್ತಿಗೆ ಸಲಹೆ ಕೊಡಲು ಶುರು ಮಾಡಿದರು ಅಂತ ಗಡಿಯಾರ ನೋಡುವುದು. ನಾವು ಮೇಷ್ಟ್ರುಗಳು ಕೇಳುವುದಕ್ಕಿಂತ ಹೇಳುವುದೇ ಜಾಸ್ತಿ ಅಲ್ವಾ, ಆ ಚಟ ಆಗ ಕಣ್ಣಿಗೆ ಬೀಳುತ್ತದೆ.

ಪುಸ್ತಕಪ್ರಿಯ

ಒಂದು ಅಡ್ಡಮಾತು, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಯಾಕೆ? ಒಳ್ಳೆಯ ಪಠ್ಯಪುಸ್ತಕ ಬರೆದವರು ಯಾವುದಾದ ಮೇಲೆ ಯಾವುದು ಅಂತ ಯೋಚನೆ ಮಾಡಿಯೇ ಬರೆದಿರುತ್ತಾರೆ. ಹೊಸ ಟ್ಯೂಟರ್ ಒಬ್ಬರು ಒಂದು ಗಂಟೆ ಮಾತಾಡಿ ಅದಕ್ಕಿಂತ ಒಳ್ಳೆಯ ಕ್ರಮ ಹಾಕುತ್ತಾರೆಯೇ? ಎದುರು ಒಬ್ಬರೇ ಕೂತಿರುವುದೇ ದೊಡ್ಡ ಅನುಕೂಲ. ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ 1984ರಲ್ಲೇ ಬರೆದರಲ್ಲ, ಒಬ್ಬರಿಗೊಬ್ಬರು ಕಲಿಸಿದರೆ ಸಾಮಾನ್ಯ ತರಗತಿಗಿಂತ ಎರಡು ಪ್ರಮಾಣ ವಿಚಲನೆಯಷ್ಟು (ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಅನ್ನುವ ಅಳತೆ) ಮುಂದೆ ಹೋಗುತ್ತಾರೆ ಅಂತ. ಪ್ಲಾನ್ ಬರೆಯುವ ಹೊತ್ತಿನಲ್ಲಿ ಇನ್ನೊಂದು ಪಾಠ ಮಾಡಬಹುದು.

ಅಂಕಿಅಂಶ

ಬ್ಲೂಮ್ ಅವರ ಆ ಎರಡು ಅನ್ನುವ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದು ಟ್ಯೂಟರ್ ಪಕ್ಕದಲ್ಲಿ ಕೂತಿದ್ದರಿಂದ ಮಾತ್ರ ಬಂದದ್ದಲ್ಲ. ಆ ಪ್ರಯೋಗಗಳಲ್ಲಿ ಒಂದು ಹಂತ ಗಟ್ಟಿಯಾಗುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ನಡುನಡುವೆ ಪರೀಕ್ಷೆ, ತಪ್ಪಿದ್ದಕ್ಕೆ ಮತ್ತೆ ಪಾಠ ಇತ್ತು. ಮುಂದೆ 2011ರಲ್ಲಿ ಕರ್ಟ್ ವ್ಯಾನ್‌ಲೆನ್ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಮನುಷ್ಯ ಟ್ಯೂಟರ್‌ಗಳ ಪರಿಣಾಮ ಅದೇ ಅಳತೆಯಲ್ಲಿ ಸುಮಾರು 0.79 ಅಂತ ಬಂತು. ಅದೂ ಸಣ್ಣದಲ್ಲ. ಆದರೆ ಎದುರು ಕೂತ ಮಾತ್ರಕ್ಕೆ ಎರಡು ಸಿಗುತ್ತದೆ ಅನ್ನುವುದು ಆಗದ ಮಾತು.

ಸಣ್ಣ ಗುರಿಗಳ ಬಗ್ಗೆ ನನಗೆ ಇಷ್ಟವಾದ ಪ್ರಯೋಗ ಬಂಡೂರಾ ಮತ್ತು ಶಂಕ್ ಅವರದ್ದು, 1981ರದು. ವ್ಯವಕಲನ ಬಾರದ, ಲೆಕ್ಕ ಅಂದರೆ ಆಸಕ್ತಿಯೇ ಇಲ್ಲದ ಮಕ್ಕಳು. ಏಳು ಬೈಠಕ್, 42 ಪುಟ. ಒಂದು ಗುಂಪಿಗೆ ಪ್ರತಿ ಸಲ ಕನಿಷ್ಠ 6 ಪುಟ ಮುಗಿಸಿ ಅಂದರು. ಇನ್ನೊಂದು ಗುಂಪಿಗೆ ಏಳನೆಯ ಸಲದ ಹೊತ್ತಿಗೆ 42 ಪುಟ ಮುಗಿಯಲಿ ಅಂದರು. ಇನ್ನೊಂದಕ್ಕೆ ಗುರಿಯನ್ನೇ ಹೇಳಲಿಲ್ಲ. ಪುಟಗಳು ಅವೇ, ಲೆಕ್ಕಗಳು ಅವೇ. ಹತ್ತಿರದ ಗುರಿ ಇದ್ದವರು ವ್ಯವಕಲನದಲ್ಲೂ ಮುಂದೆ ಹೋದರು, ನನ್ನಿಂದ ಆಗುತ್ತದೆ ಅನ್ನುವ ನಂಬಿಕೆಯಲ್ಲೂ ಮುಂದೆ ಹೋದರು. ಕೊನೆಗೆ ಲೆಕ್ಕದಲ್ಲೇ ಅವರಿಗೆ ಆಸಕ್ತಿ ಹುಟ್ಟಿತ್ತು. ದೂರದ ಗುರಿ ಇದ್ದವರಿಗೆ ಅಂಥ ಲಾಭ ಏನೂ ಕಾಣಲಿಲ್ಲ.

ಪುಸ್ತಕಪ್ರಿಯರೇ, ಪುಸ್ತಕ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಆ ಮಕ್ಕಳ ಕೈಯಲ್ಲೂ ಸಿದ್ಧ ಪುಟಗಳೇ ಇದ್ದವು.

ಪುಸ್ತಕಪ್ರಿಯ

ಪುಟ ಅವೇ ಇದ್ದೂ ಇಷ್ಟು ವ್ಯತ್ಯಾಸವೇ! ಸರಿ, ಒಂದಷ್ಟು ಒಪ್ಪಿದೆ. ಆದರೂ ಕ್ರಮ ಹಾಕುವುದನ್ನು ಪುಸ್ತಕಕ್ಕೇ ಬಿಡಿ ಅನ್ನುವುದು ನನ್ನ ವಾದ. ಟ್ಯೂಟರ್ ಎಲ್ಲಿಂದ ಶುರು, ಯಾವುದನ್ನು ಬಿಡಬಹುದು ಅಂತ ಗುರುತು ಹಾಕಿದರೆ ಸಾಕು.

ಲೆಕ್ಕದಮೇಷ್ಟ್ರು

ಗಣಿತಕ್ಕೆ ನಿಮ್ಮ ಮಾತು ಒಪ್ಪುತ್ತೇನೆ. ಅಲ್ಲಿ ಒಂದರ ಮೇಲೊಂದು ನಿಂತಿರುತ್ತದೆ, ಕ್ರಮ ಕದಲಿಸುವುದು ಕಷ್ಟ. ಬಿಡುವುದನ್ನು ಕಲಿಸುವುದೇ ಹೊಸಬರಿಗೆ ಎಲ್ಲಕ್ಕಿಂತ ಕಷ್ಟದ ಪಾಠ ಅನ್ನುವುದನ್ನೂ ಸೇರಿಸಿಕೊಳ್ಳಿ. ಪ್ಲಾನ್‌ನಲ್ಲಿ "ಈಗ ಮಾಡದೆ ಇರುವುದು" ಅಂತ ಒಂದು ಸಾಲು ಬರೆಸುತ್ತೇನೆ. ಆ ಸಾಲು ಖಾಲಿ ಬಂದರೆ ಅವರು ಇನ್ನೂ ಪರಿವಿಡಿಯನ್ನೇ ನಕಲು ಮಾಡುತ್ತಿದ್ದಾರೆ ಅಂತ ಅರ್ಥ.

ಹೊಸಟ್ಯೂಟರ್

ಕೆಲಸಕ್ಕೆ ಸೇರಿ ಜಾಸ್ತಿ ದಿನ ಆಗಿಲ್ಲ. ನಮಗೆ ತರಬೇತಿಯಲ್ಲಿ ಸ್ಮಾರ್ಟ್ ಗುರಿ ಅಂತ ಹೇಳಿಕೊಟ್ಟರು. ನಿರ್ದಿಷ್ಟ, ಅಳೆಯಬಹುದಾದದ್ದು, ಹೀಗೆ ಐದು ಅಂಶ. ಅದನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಕಲಿಯುವವರ ಎದುರು ಕೂತಾಗ ಅದು ಉಪಯೋಗಕ್ಕೆ ಬರುತ್ತಿಲ್ಲ. ನನಗೆ ಮಾತ್ರ ಹೀಗಾ?

ತರಬೇತಿಗಾರ್ತಿ

ನಿಮಗೆ ಮಾತ್ರ ಅಲ್ಲ. ಅದು ಹುಟ್ಟಿದ್ದೇ ಕಂಪನಿ ಮ್ಯಾನೇಜರ್‌ಗಳಿಗಾಗಿ. 1981ರಲ್ಲಿ ಜಾರ್ಜ್ ಡೋರನ್ ಒಂದು ಆಡಳಿತ ಪತ್ರಿಕೆಯಲ್ಲಿ ಬರೆದದ್ದು. ಬರೆದ ಗುರಿಯನ್ನು ಕೊನೆಗೆ ಒಮ್ಮೆ ತೂಗಿ ನೋಡಲು ಒಳ್ಳೆಯದು. ಗುರಿಯನ್ನು ಕಲಿಯುವವರ ಬಾಯಿಂದ ಹೊರಗೆ ತರಲು ಅದರಿಂದ ಸಹಾಯ ಆಗುವುದಿಲ್ಲ.

ಟ್ಯೂಟರ್‌ಗಳಿಗೆ ಅದಕ್ಕಿಂತ ಹಳೆಯ ಒಂದು ಕ್ರಮ ಚೆನ್ನಾಗಿ ಕೂರುತ್ತದೆ. ರಾಬರ್ಟ್ ಮೇಗರ್ 1962ರಲ್ಲಿ ಹೇಳಿದ್ದು. ಕಲಿಕೆಯ ಉದ್ದೇಶದಲ್ಲಿ ಮೂರು ಸಂಗತಿ ಇರಬೇಕು: ಕಲಿತವರು ಏನು ಮಾಡಿ ತೋರಿಸುತ್ತಾರೆ, ಯಾವ ಸಂದರ್ಭದಲ್ಲಿ, ಎಷ್ಟು ಚೆನ್ನಾಗಿ. ಮೇಲೆ ಸಂಜೆಕ್ಲಾಸ್ ಅವರು ಬರೆದ ಮೀಟಿಂಗ್ ಗುರಿಯನ್ನೇ ನೋಡಿ. ತನ್ನ ಕೆಲಸದ ಬಗ್ಗೆ ಹೇಳುವುದು, ಮೀಟಿಂಗ್‌ನಲ್ಲಿ ಚೀಟಿ ಇಲ್ಲದೆ, ಎರಡು ನಿಮಿಷ. ಮೂರೂ ಅದರಲ್ಲಿವೆ.

ತರಬೇತಿಯಲ್ಲಿ ನಾನು ಗೋಡೆಗೆ ಒಂದು ಹಾಳೆ ಅಂಟಿಸುತ್ತೇನೆ. ಅದರಲ್ಲಿ ನಿಷೇಧಿತ ಶಬ್ದಗಳು: ತಿಳಿದುಕೊಳ್ಳುವುದು, ಸುಧಾರಿಸುವುದು, ಪರಿಚಯ, ಅರಿವು. ಅವಕ್ಕೆ ಬದಲು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಕೆಲಸದ ಹೆಸರು ಬರೆಯಬೇಕು. ಬಿಡಿಸುವುದು, ಓದಿ ಹೇಳುವುದು, ಬರೆಯುವುದು, ವಿವರಿಸುವುದು, ತಪ್ಪು ಹುಡುಕುವುದು. ಮೊದಮೊದಲು ಗೊಣಗುತ್ತಾರೆ. ಊಟದ ಬಿಡುವಿನ ಹೊತ್ತಿಗೆ ಒಬ್ಬರನ್ನೊಬ್ಬರು ಹಿಡಿದುಹಾಕುವ ಆಟ ಶುರುವಾಗಿರುತ್ತದೆ.

ಒಂದು ಎಚ್ಚರಿಕೆ. ಅಳೆಯಲು ಸುಲಭ ಅಂತ ಗುರಿಯನ್ನೇ ಚಿಕ್ಕದು ಮಾಡಬಾರದು. "ಓದುವ ಭಯ ಹೋಗಬೇಕು" ಅಂದವರಿಗೆ "ನಿಮಿಷಕ್ಕೆ ಇಷ್ಟು ಪದ" ಅಂತ ಬರೆದುಕೊಟ್ಟರೆ ಅದು ಟ್ಯೂಟರ್ ಗುರಿ, ಅವರದ್ದಲ್ಲ. ಗುರಿಯನ್ನು ಮೊದಲು ಅವರ ಮಾತಿನಲ್ಲೇ ಬರೆಯಿರಿ, ಕೆಳಗೆ ನಿಮ್ಮ ಮಾತು.

ಓದುಬರಹ

ಕೊನೆಯ ಮಾತಿಗೆ ನನ್ನ ಎರಡೂ ಕೈ. ದೊಡ್ಡವರಿಗೆ ಅಕ್ಷರ ಕಲಿಸುವವಳು ನಾನು. ಮಗಳಿಗೆ ಕಥೆ ಓದಿ ಹೇಳಬೇಕು ಅಂತ ಬಂದವರೊಬ್ಬರಿಗೆ ವರ್ಣಮಾಲೆಯಿಂದ ಶುರುವಾಗುವ ಪ್ಲಾನ್ ಕೊಟ್ಟಿದ್ದನ್ನು ನೋಡಿದ್ದೇನೆ. ಕಥೆ ಬರುವುದು ಎಷ್ಟೋ ವಾರದ ಮೇಲೆ. ಅಷ್ಟು ಹೊತ್ತಿಗೆ ಅವರು ಬರುವುದನ್ನೇ ಬಿಡುತ್ತಾರೆ. ಅದೇ ಕಥೆಯ ಮೊದಲ ಪುಟವನ್ನು ಮೊದಲ ದಿನವೇ ಕೈಗೆ ಕೊಡಿ. ಟ್ಯೂಟರ್ ಓದಲಿ, ಅವರು ಜೊತೆಗೆ ಓದಲಿ, ಆಮೇಲೆ ಆ ಪುಟದಲ್ಲಿ ಬರುವ ಅಕ್ಷರಗಳನ್ನೇ ಕಲಿಸಿ. ಅಕ್ಷರ ಅವೇ, ಬರುವ ದಾರಿ ಬೇರೆ.

ಇನ್ನೊಂದು ವಿಷಯ. ದೊಡ್ಡವರು ಮೊದಲ ದಿನ ನಿಜವಾದ ಕಾರಣ ಹೇಳುವುದಿಲ್ಲ. ನಾಚಿಕೆ ಇರುತ್ತದೆ. ಮೊದಲ ಪ್ಲಾನ್ ಎರಡು ಮೂರು ಕ್ಲಾಸಿಗೆ ಮಾತ್ರ ಬರೆಯಲು ಕಲಿಸಿ. ನಂಬಿಕೆ ಬಂದ ಮೇಲೆ ಪೂರ್ತಿ ಪ್ಲಾನ್. ಫಾರಂನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಅಂತಲೂ ಅವರನ್ನೇ ಕೇಳಿ. ಎಷ್ಟೋ ಜನಕ್ಕೆ ತಾವು ಕಲಿಯುತ್ತಿರುವುದು ಮನೆಯಲ್ಲಿ ಗೊತ್ತಿರುವುದಿಲ್ಲ.

ಸಂಯೋಜಕಿ

ಎಲ್ಲರಿಗೂ ಧನ್ಯವಾದ, ಬರೆದುಕೊಳ್ಳುತ್ತಿದ್ದೇನೆ. ಎರಡು ಪ್ರಶ್ನೆ. ಮಕ್ಕಳ ವಿಷಯದಲ್ಲಿ ಗುರಿ ಹೇಳುವುದು ಅಪ್ಪ ಅಮ್ಮ. ಮಗುವಿನ ಗುರಿ ಯಾವುದು ಅಂತ ಟ್ಯೂಟರ್ ಹೇಗೆ ತಿಳಿಯಬೇಕು? ಎರಡನೆಯದು, ನಮ್ಮ ಫಾರಂನಲ್ಲಿ "ಕಲಿಕಾ ಶೈಲಿ: ನೋಡಿ / ಕೇಳಿ / ಮಾಡಿ" ಅಂತ ಒಂದು ಕಾಲಂ ಇದೆ. ಪ್ಲಾನ್ ವೈಯಕ್ತಿಕ ಆಗಲಿ ಅಂತಲೇ ಇಟ್ಟದ್ದು. ಅದರಿಂದ ಏನಾದರೂ ಉಪಯೋಗ ಇದೆಯಾ?

ಅಂಕಿಅಂಶ

ಎರಡನೆಯದಕ್ಕೆ ಉತ್ತರ ಚಿಕ್ಕದು. ಆ ಕಾಲಂ ತೆಗೆದುಹಾಕಿ. 2008ರಲ್ಲಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಶೈಲಿ ಗುರುತಿಸಿ ಅದಕ್ಕೆ ಹೊಂದಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆ ಅನ್ನಲು ಸಾಕಷ್ಟು ಆಧಾರ ಅವರಿಗೆ ಸಿಗಲಿಲ್ಲ. ಜನರಿಗೆ ಇಷ್ಟ ಅನಿಸುವ ವಿಧಾನ ಇರುತ್ತದೆ, ಅದು ನಿಜ. ಇಷ್ಟವಾದದ್ದರಲ್ಲೇ ಜಾಸ್ತಿ ಕಲಿಯುತ್ತಾರೆ ಅನ್ನುವುದು ಬೇರೆ ಮಾತು. ನಕಾಶೆಯನ್ನು ಯಾರಿಗಾದರೂ ತೋರಿಸಿಯೇ ಕಲಿಸಬೇಕು, ಉಚ್ಚಾರಣೆಯನ್ನು ಕೇಳಿಸಿಯೇ ಕಲಿಸಬೇಕು. ಆ ಜಾಗದಲ್ಲಿ "ಈಗಾಗಲೇ ಏನು ಬರುತ್ತದೆ" ಅಂತ ಹಾಕಿ. ವೈಯಕ್ತಿಕ ಆಗಬೇಕಾದ ಸಂಗತಿ ಅದು.

ಸಂಜೆಕ್ಲಾಸ್

ಆ ಕಾಲಂ ನಮ್ಮಲ್ಲೂ ಇದೆ. ಎಲ್ಲರೂ "ನೋಡಿ" ಅಂತ ಟಿಕ್ ಹಾಕುತ್ತಾರೆ.

ತರಬೇತಿಗಾರ್ತಿ

ಮಕ್ಕಳ ಬಗ್ಗೆ. ಫಾರಂನಲ್ಲಿ ಎರಡು ಸಾಲು ಇಡಿ, "ಮನೆಯವರ ಗುರಿ" ಮತ್ತು "ನನ್ನ ಗುರಿ." ಎರಡನೆಯದನ್ನು ಮಗುವೇ ಬರೆಯಲಿ, ಬರೆಯಲು ಬಾರದಿದ್ದರೆ ಹೇಳಿ ಬರೆಸಲಿ. ಮನೆಯವರು ಪಕ್ಕದಲ್ಲಿ ಇಲ್ಲದಾಗ ಕೇಳಬೇಕು. ಎದುರು ಇದ್ದರೆ ಮಗು ಅವರ ಮುಖ ನೋಡಿಯೇ ಉತ್ತರ ಕೊಡುತ್ತದೆ.

ಚಿಕ್ಕ ಮಕ್ಕಳನ್ನು "ಏನು ಕಲಿಯಬೇಕು?" ಅಂತ ಕೇಳಿದರೆ ಭುಜ ಹಾರಿಸುತ್ತವೆ. "ಕ್ಲಾಸಲ್ಲಿ ಟೀಚರ್ ಯಾವುದನ್ನು ಕೇಳಿದಾಗ ಬೆಂಚಿನ ಕೆಳಗೆ ಕೂತುಬಿಡೋಣ ಅನಿಸುತ್ತೆ?" ಅಂತ ಕೇಳಿ. ತಕ್ಷಣ ಉತ್ತರ ಬರುತ್ತದೆ. ಗಟ್ಟಿಯಾಗಿ ಓದು ಅಂದಾಗ, ಬೋರ್ಡ್ ಹತ್ತಿರ ಬಾ ಅಂದಾಗ, ಮಗ್ಗಿ ಹೇಳು ಅಂದಾಗ. ಮನೆಯವರ ಗುರಿ 90 ಅಂಕ, ಮಗುವಿನದು ಬೋರ್ಡ್ ಎದುರು ನಗೆಪಾಟಲು ಆಗದೆ ಇರುವುದು. ಜಾಣ ಟ್ಯೂಟರ್ ಮೊದಲ ತಿಂಗಳು ಮಗುವಿನ ಗುರಿಯಿಂದಲೇ ಶುರು ಮಾಡುತ್ತಾರೆ. ಅದು ಅಂಕದ ದಾರಿಯಲ್ಲೇ ಇರುತ್ತದೆ.

ಗಡಿಯಾರ

ಸಮಯದ ಬಗ್ಗೆ ಯಾರೂ ಹೇಳಿಲ್ಲ. ಪ್ಲಾನ್ ಮುರಿದುಬೀಳುವುದೇ ಅಲ್ಲಿ.

ಹತ್ತು ವಾರ, ವಾರಕ್ಕೆ ಒಂದೊಂದು ಗಂಟೆಯ ಎರಡು ಕ್ಲಾಸ್ ಅಂದುಕೊಳ್ಳಿ. ಟ್ಯೂಟರ್ 20 ಗಂಟೆ ಇದೆ ಅಂತ 20 ಗಂಟೆಗೂ ಪಾಠ ತುಂಬುತ್ತಾರೆ. ಈಗ ಕಳೆಯೋಣ. ಶುರುವಿನ ಪರೀಕ್ಷೆ, ನಡುವಿನ ಮರುಪರಿಶೀಲನೆ, ಕೊನೆಯದು, ಇವಕ್ಕೆ 2 ಗಂಟೆ. ಜ್ವರ, ಪ್ರಯಾಣ, ಹಬ್ಬ ಅಂತ ತಪ್ಪುವ ಕ್ಲಾಸ್‌ಗಳಿಗೆ 2 ಗಂಟೆ. ಉಳಿದ 16 ಗಂಟೆಯಲ್ಲಿ ಪ್ರತಿ ಕ್ಲಾಸಿಗೂ ಹಿಂದಿನದನ್ನು ನೆನಪಿಸಲು 10 ನಿಮಿಷ ತೆಗೆದರೆ 160 ನಿಮಿಷ ಹೋಯಿತು. ಹೊಸ ಪಾಠಕ್ಕೆ ಉಳಿದದ್ದು 13 ಗಂಟೆ 20 ನಿಮಿಷ. ಅಂದರೆ ಮೂರನೇ ಒಂದು ಭಾಗ ಮಾಯ. ಈ ಲೆಕ್ಕವನ್ನು ತರಬೇತಿಯಲ್ಲಿ ಟ್ಯೂಟರ್‌ಗಳ ಕೈಯಲ್ಲೇ ಮಾಡಿಸಿ, ಮುಖ ನೋಡಿ.

ಮನುಷ್ಯರು ಅಂದಾಜು ಮಾಡುವುದೇ ಹೀಗೆ. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ 33.9 ದಿನ ಅಂದರು. ಎಲ್ಲವೂ ಕೆಟ್ಟರೆ ಎಷ್ಟು ಅಂತ ಕೇಳಿದರು. 48.6 ಅಂದರು. ನಿಜವಾಗಿ ಹಿಡಿದದ್ದು 55.5 ದಿನ!

ಗಂಟೆಗಳ ಲೆಕ್ಕ ಕಲಿಯುವವರ ಜೊತೆ ಮಾತಾಡಲೂ ಬೇಕು. "ಮೂರು ತಿಂಗಳಲ್ಲಿ ಇಂಗ್ಲಿಷ್ ಪೂರ್ತಿ ಬರಬೇಕು" ಅಂತ ಬರುತ್ತಾರಲ್ಲ. ಯುರೋಪಿಯನ್ ಭಾಷಾ ಚೌಕಟ್ಟಿನ ಹಂತಗಳಿಗೆ ಕೇಂಬ್ರಿಡ್ಜ್ ಪರೀಕ್ಷಾ ಸಂಸ್ಥೆ ಕೊಡುವ ಅಂದಾಜಿನಲ್ಲಿ ಶುರುವಿನಿಂದ ಬಿ1ಕ್ಕೆ (ಮಧ್ಯಮ ಹಂತ) 350ರಿಂದ 400 ಗಂಟೆ, ಬಿ2ಕ್ಕೆ (ಅದರ ಮೇಲಿನ ಹಂತ) 500ರಿಂದ 600 ಗಂಟೆ. ವಾರಕ್ಕೆ ಎರಡು ಗಂಟೆಯಂತೆ ಒಂದು ಹಂತ ಏರಲು ಎಷ್ಟು ಕಾಲ ಬೇಕು ಅಂತ ಅವರ ಎದುರೇ ಭಾಗಾಕಾರ ಮಾಡಿ ತೋರಿಸಿ. ನಿರಾಸೆ ಆಗುತ್ತದೆ, ನಿಜ. ಆದರೆ ಅಲ್ಲಿಂದಲೇ "ಹಾಗಾದರೆ ಮೂರು ತಿಂಗಳಲ್ಲಿ ಏನು ಸಾಧ್ಯ?" ಅನ್ನುವ ಒಳ್ಳೆಯ ಮಾತು ಶುರುವಾಗುತ್ತದೆ.

ಹೊಸಟ್ಯೂಟರ್

ಪ್ರತಿ ಕ್ಲಾಸಿಗೆ 10 ನಿಮಿಷ ಹಿಂದಿನದು ಅಂದಿರಲ್ಲ, ಅದು ಬರೀ ತಿರುಗಿ ಓದಿಸುವುದಾ?

ಅಂಕಿಅಂಶ

ಓದಿಸಬೇಡಿ, ಪುಸ್ತಕ ಮುಚ್ಚಿಸಿ ಕೇಳಿ. ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗ ಇದಕ್ಕೇ ಇದೆ. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಇಟ್ಟರೆ ಓದಿದವರು ಮುಂದೆ. ಒಂದು ವಾರದ ನಂತರ ಇಟ್ಟರೆ ನೆನಪಿನಿಂದ ಬರೆದವರು ಮುಂದೆ.

ಯಾವಾಗ ಕೇಳಬೇಕು ಅನ್ನುವುದನ್ನೂ ಪ್ಲಾನ್‌ನಲ್ಲೇ ಬರೆಯಬೇಕು. ಗುರಿಯ ದಿನ ಎಷ್ಟು ದೂರ ಇದೆಯೋ, ಕಲಿತದ್ದಕ್ಕೂ ಮತ್ತೆ ಕೇಳುವುದಕ್ಕೂ ನಡುವೆ ಅಷ್ಟು ಅಂತರ ಜಾಸ್ತಿ ಇರಬೇಕು ಅಂತ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಒಂದು ವಾರದ ಮೇಲೆ ಪರೀಕ್ಷೆ ಇದ್ದರೆ ಒಂದೆರಡು ದಿನದ ಅಂತರ ಸಾಕು. ತಿಂಗಳುಗಟ್ಟಲೆ ನೆನಪಿರಬೇಕಾದರೆ ವಾರಗಳ ಅಂತರ. ಹೊಸಬರ ಪ್ಲಾನ್‌ನಲ್ಲಿ ಪುನರಾವರ್ತನೆ ಅನ್ನುವುದು ಕೊನೆಯ ವಾರದಲ್ಲಿ ಒಂದೇ ಕಡೆ ಇರುತ್ತದೆ. ಅದು ಕಂಡರೆ ಕೆಂಪು ಪೆನ್ನು ಎತ್ತಿ.

ಲೆಕ್ಕದಮೇಷ್ಟ್ರು

ಒಂದು ಪೂರ್ತಿ ಪ್ಲಾನ್ ಹಾಕುತ್ತೇನೆ. ಮೇಲೆ ಹೇಳಿದ ಮೂರನೆಯ ನೋಟ್‌ಬುಕ್‌ಗೆ ತರಬೇತಿಯಲ್ಲಿ ಒಂದು ಗುಂಪು ಬರೆದದ್ದು. ಭಾಷೆ ನನ್ನದು.

"ಅವರ ಮಾತು: ಲೆಕ್ಕ ಬರುತ್ತೆ, ಪ್ರಶ್ನೆ ಅರ್ಥ ಆಗಲ್ಲ. ಗುರಿ: ಎರಡು ಹಂತದ ವಾಕ್ಯ ಲೆಕ್ಕಗಳನ್ನು, ಮೊದಲ ಸಲ ನೋಡುವಂಥವನ್ನು, ಐದರಲ್ಲಿ ನಾಲ್ಕು ಸರಿಯಾಗಿ ಬಿಡಿಸುವುದು. ಈಗ: ಒಂದು ಹಂತದ್ದನ್ನು ಜೊತೆಗೆ ಓದಿದರೆ ಮಾಡುತ್ತಾರೆ, ಒಬ್ಬರೇ ಆದರೆ ಬಿಡುತ್ತಾರೆ. ಮೊದಲು: ಸಂಖ್ಯೆ ಅಳಿಸಿದ ಲೆಕ್ಕ ಕೊಟ್ಟು 'ಏನು ನಡೆಯುತ್ತಿದೆ' ಅಂತ ಬಾಯಲ್ಲಿ ಹೇಳಿಸುವುದು. ಆಮೇಲೆ: ಚಿತ್ರ ಬರೆದು, ಕೇಳಿದ್ದು ಯಾವುದು ಅಂತ ಗೆರೆ ಎಳೆಯುವುದು. ಆಮೇಲೆ: ಅವರೇ ಲೆಕ್ಕ ಕಟ್ಟುವುದು. ಎರಡು ಹಂತದ್ದು ಅದಾದ ಮೇಲೆ. ಈಗ ಮಾಡದೆ ಇರುವುದು: ಬರೀ ಭಿನ್ನರಾಶಿ ಅಭ್ಯಾಸ, ಜ್ಯಾಮಿತಿ. ಮನೆಯಲ್ಲಿ: ರಾತ್ರಿ ಬ್ಯಾಗ್ ಜೋಡಿಸಿದ ಕೂಡಲೇ ಒಂದು ಲೆಕ್ಕ. ಮರುಪರಿಶೀಲನೆ: ನಾಲ್ಕನೆಯ ಕ್ಲಾಸು. ಐದು ಹೊಸ ಲೆಕ್ಕ, ಸಹಾಯ ಇಲ್ಲದೆ."

ವಾರದ ಚೌಕ ಒಂದೂ ಇಲ್ಲ ನೋಡಿ. ಹಂತ ಮುಗಿದರೆ ಮುಂದೆ, ಇಲ್ಲದಿದ್ದರೆ ಅಲ್ಲೇ. "ಬ್ಯಾಗ್ ಜೋಡಿಸಿದ ಕೂಡಲೇ" ಅಂತ ಬರೆದದ್ದೂ ಸುಮ್ನೆ ಅಲ್ಲ. ದಿನಾ ಅಭ್ಯಾಸ ಮಾಡು ಅಂದರೆ ಯಾರೂ ಮಾಡುವುದಿಲ್ಲ. ಯಾವ ಕೆಲಸದ ಬೆನ್ನಿಗೆ ಮಾಡಬೇಕು ಅಂತ ಗೊತ್ತಾದರೆ ಮಾಡುತ್ತಾರೆ.

ಪುಸ್ತಕಪ್ರಿಯ

ಇಷ್ಟು ಚಿಕ್ಕದಾದರೆ ನನ್ನ ತಕರಾರು ವಾಪಸ್. ನಾನು ಪ್ಲಾನ್ ಅಂದರೆ ಎಂಟು ಪುಟದ ಕಡತ ಅಂದುಕೊಂಡಿದ್ದೆ.

ಓದುಬರಹ

ಮೇಷ್ಟ್ರೇ, ನಾಲ್ಕನೆಯ ಕ್ಲಾಸಿನಲ್ಲಿ ಐದಕ್ಕೆ ಎರಡೇ ಸರಿ ಬಂದರೆ ಏನು ಮಾಡಬೇಕು ಅಂತಲೂ ಟ್ಯೂಟರ್‌ಗಳಿಗೆ ಅಭ್ಯಾಸ ಮಾಡಿಸುತ್ತೀರಾ? ನಮ್ಮಲ್ಲಿ ಆಗ ಎರಡು ಥರ ಆಗುತ್ತದೆ. ಕೆಲವರು ಏನೂ ಆಗದಂತೆ ಮುಂದೆ ಹೋಗುತ್ತಾರೆ. ಕೆಲವರು ಕಲಿಯುವವರಿಗೆ ಇನ್ನೂ ಕಷ್ಟಪಟ್ಟು ಓದಿ ಅಂತ ಬುದ್ಧಿ ಹೇಳುತ್ತಾರೆ.

ಲೆಕ್ಕದಮೇಷ್ಟ್ರು

ಮಾಡಿಸುತ್ತೇನೆ. ತರಬೇತಿಯ ಎರಡನೆಯ ಭಾಗ ಪೂರ್ತಿ ಅದೇ. ಅವರೇ ಬರೆದ ಪ್ಲಾನ್ ವಾಪಸ್ ಕೊಟ್ಟು, ಜೊತೆಗೆ ನಾಲ್ಕನೆಯ ಕ್ಲಾಸಿನ ಹಾಳೆ ಕೊಡುತ್ತೇನೆ. ನಾನೇ ತಯಾರಿಸಿದ್ದು, ಬೇಕಂತಲೇ ಕೆಟ್ಟ ಫಲಿತಾಂಶ. ಯಾವ ಸಾಲು ಬದಲಾಗಬೇಕು ಅಂತ ಹೇಳಿ ಅನ್ನುತ್ತೇನೆ. ಹಂತ ದೊಡ್ಡದಾಯಿತಾ, ಶುರುವಿನ ಅಂದಾಜು ಸರಿ ಇರಲಿಲ್ಲವಾ, ಮನೆ ಅಭ್ಯಾಸ ನಡೆಯಲಿಲ್ಲವಾ, ಗುರಿಯೇ ಬೇರೆ ಇತ್ತಾ? ಈ ಕ್ರಮದಲ್ಲೇ ಕೇಳಿಕೊಳ್ಳಬೇಕು. "ಹುಡುಗ ಗಮನ ಕೊಡುತ್ತಿಲ್ಲ" ಅನ್ನುವುದಕ್ಕೆ ಈ ಪಟ್ಟಿಯಲ್ಲಿ ಜಾಗ ಇಲ್ಲ.

ಸಂಯೋಜಕಿ

ಹಾಗಾದರೆ ಮುಂದಿನ ತರಬೇತಿ ಹೀಗೆ ಮಾಡುತ್ತೇನೆ. ಸ್ಲೈಡ್ ಇಲ್ಲ. ಮೊದಲು ಮೂರು ನೋಟ್‌ಬುಕ್, ಆಮೇಲೆ ಚೀಟಿ ಇಟ್ಟುಕೊಂಡು ಮೂವರ ಮಾತುಕತೆ, ನಿಷೇಧಿತ ಶಬ್ದಗಳ ಹಾಳೆ, ಗಂಟೆಗಳ ಲೆಕ್ಕ. ಫಾರಂ ಕೊನೆಗೆ, ಅದೂ ಒಂದೇ ಪುಟ. ಶೈಲಿಯ ಕಾಲಂ ಹೋಯಿತು. "ಈಗ ಏನು ಬರುತ್ತದೆ" ಮತ್ತು "ಈಗ ಮಾಡದೆ ಇರುವುದು" ಬಂತು. ಅರ್ಧ ದಿನದ ಬದಲು ಎರಡು ಸಲ ಸೇರುತ್ತೇವೆ. ನಡುವೆ ಒಬ್ಬ ನಿಜವಾದ ಕಲಿಯುವವರ ಪ್ಲಾನ್ ಬರೆದು ತರಬೇಕು.

ಒಂದೇ ಚಿಂತೆ. ಎಲ್ಲ ಪ್ಲಾನ್‌ಗಳನ್ನೂ ನಾನು ಕೂತು ಓದಿ ತಿದ್ದಲು ಆಗುವುದಿಲ್ಲ. ತಂಡ ದೊಡ್ಡದಿದೆ.

ತರಬೇತಿಗಾರ್ತಿ

ತಿದ್ದುವುದು ಬೇಡವೇ ಬೇಡ. ತಿದ್ದಿ ಕೊಟ್ಟರೆ ನಿಮ್ಮ ಪ್ಲಾನ್ ಆಗುತ್ತದೆ. ಪ್ರತಿ ಹೊಸ ಟ್ಯೂಟರ್‌ನ ಮೊದಲ ಎರಡು ಪ್ಲಾನ್‌ಗಳನ್ನು ಮಾತ್ರ ಅವರ ಜೊತೆ ಕೂತು ಓದಿ, "ಇದು ಅವರಿಗೇ ಯಾಕೆ?" ಅಂತ ಪ್ರತಿ ಹಂತಕ್ಕೂ ಕೇಳಿ. ಆಮೇಲೆ ಟ್ಯೂಟರ್‌ಗಳೇ ಇಬ್ಬಿಬ್ಬರಾಗಿ ಒಬ್ಬರದ್ದನ್ನೊಬ್ಬರು ಓದಲಿ, ಹೆಸರು ಮುಚ್ಚಿಟ್ಟು. ನೀವು ವಾರಕ್ಕೊಮ್ಮೆ ನೋಡಬೇಕಾದ್ದು ಒಂದೇ ಪಟ್ಟಿ: ಮರುಪರಿಶೀಲನೆಯ ದಿನ ದಾಟಿದ್ದರೂ ಒಂದಕ್ಷರ ಬದಲಾಗದೆ ಕೂತಿರುವ ಪ್ಲಾನ್‌ಗಳು. ಫೋನ್ ಮಾಡಬೇಕಾದ ಟ್ಯೂಟರ್‌ಗಳು ಅದರಲ್ಲಿ ಸಿಗುತ್ತಾರೆ.